ಒಂದೇ ಡ್ರಾಪ್‌ಡೌನ್‌ನಲ್ಲಿ 25 ತಾಲ್ಲೂಕು: ನೀವೆಲ್ಲ ಹೇಗೆ ಮಾಡಿದ್ದೀರಿ?

ಕಲಬುರಗಿಯ ಒಂದು ದಾಲ್ ಮಿಲ್‌ಗಾಗಿ ಫ್ಲಟರ್‌ನಲ್ಲಿ (ಆ್ಯಪ್ ಬರೆಯುವ ಸಾಧನ) ಆ್ಯಪ್ ಮಾಡುತ್ತಿದ್ದೇನೆ. ತೊಗರಿ ತರುವ ರೈತರ ಹೆಸರು, ಊರು ಬರೆದುಕೊಳ್ಳುವುದಷ್ಟೇ ಕೆಲಸ. ಕಲಬುರಗಿಯ 11, ಬೀದರಿನ 8, ಯಾದಗಿರಿಯ 6 ಸೇರಿ 25 ತಾಲ್ಲೂಕನ್ನು ಒಂದೇ ಡ್ರಾಪ್‌ಡೌನ್‌ನಲ್ಲಿ, ಅಂದರೆ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ, ಇಟ್ಟಿದ್ದೇನೆ. ಒತ್ತಿದರೆ ಪಟ್ಟಿ ಇಡೀ ಸ್ಕ್ರೀನ್ ಮುಚ್ಚಿಬಿಡುತ್ತದೆ. ಮೇಲೆ ಜಿಲ್ಲೆ ಆರಿಸಿದರೆ ಆ ಜಿಲ್ಲೆಯ ತಾಲ್ಲೂಕಷ್ಟೇ ಉಳಿಯಬೇಕು, ಆದರೆ ಜಿಲ್ಲೆ ಬದಲಿಸಿದರೆ ಕೆಂಪು ಎರರ್ ಬರುತ್ತದೆ. ಜೊತೆಗೆ ಚಿತ್ತಾಪುರದ ಒತ್ತಕ್ಷರ ಕೆಳಗೆ ಅರ್ಧ ಕತ್ತರಿಸಿ ಹೋಗುತ್ತಿದೆ. ಮಾಡಿದವರು ಹೇಳಿ.

ಶಹಾಪುರದಿಂದ:

ಪಟ್ಟಿ ಮುಚ್ಚಿಕೊಳ್ಳೋದು ತಪ್ಪಲ್ಲ, ಹಳೆಯ ಡ್ರಾಪ್‌ಡೌನ್‌ಬಟನ್ ಇರೋದೇ ಹಾಗೆ. ಆರಿಸಿದ ಹೆಸರು ಬಟನ್ ಮೇಲೆಯೇ ಬರುವಂತೆ ಪಟ್ಟಿಯನ್ನು ಕೂರಿಸುತ್ತದೆ. ಒಂದು ಸಾಲಿನ ಎತ್ತರ 48 ಪಿಕ್ಸೆಲ್ (ಫ್ಲಟರ್ ಲೆಕ್ಕದ್ದು) ಅಂದರೆ 25 ಸಾಲಿಗೆ 1200. ಮಾಮೂಲಿ ಫೋನಿನ ಎತ್ತರ 800ರ ಆಸುಪಾಸು. ಮೆನುಮ್ಯಾಕ್ಸ್‌ಹೈಟ್‌ಗೆ (ಪಟ್ಟಿಯ ಗರಿಷ್ಠ ಎತ್ತರ) 270 ಕೊಡಿ. ಸುಮ್ನೆ ಹೇಳಿದ ಅಂಕಿ ಅಲ್ಲ: ಐದು ಸಾಲು ಪೂರ್ತಿ, ಆರನೆಯದು ಅರ್ಧ ಕಾಣುತ್ತದೆ. ಆ ಅರ್ಧ ಸಾಲು ನೋಡಿದ ಮೇಲೆಯೇ ಜನ ಬೆರಳು ಎಳೆಯುತ್ತಾರೆ. ನಾನು ಮೊದಲು ಸರಿಯಾಗಿ ಐದು ಸಾಲಿಗೆ ನಿಲ್ಲಿಸಿದ್ದೆ. "ನಮ್ಮ ತಾಲ್ಲೂಕೇ ಇಲ್ಲಲ್ರೀ" ಅಂತ ಫೋನ್ ಮೇಲೆ ಫೋನ್.

ಪಟ್ಟಿ ಬಟನ್‌ನ ಕೆಳಗೇ ತೆರೆಯಬೇಕು ಅಂದರೆ ಹೊಸ ಡ್ರಾಪ್‌ಡೌನ್‌ಮೆನು ವಿಜೆಟ್ (ಸ್ಕ್ರೀನಿನ ಒಂದು ತುಣುಕು) ಬಳಸಿ. ಒತ್ತಕ್ಷರ ಕತ್ತರಿಸದಿರಲು, ಹಳೆಯದರಲ್ಲೇ ಇದ್ದರೆ: ಐಟಂಹೈಟ್ (ಸಾಲಿನ ಎತ್ತರ) ನಲ್, ಅಂದರೆ ಖಾಲಿ, ಮಾಡಿ, ಈಸ್‌ಡೆನ್ಸ್ (ಜಾಗ ಕುಗ್ಗಿಸುವುದು) ಹಾಕಿದ್ದರೆ ತೆಗೆಯಿರಿ, ಅಕ್ಷರದ ಸ್ಟೈಲ್‌ನಲ್ಲಿ ಹೈಟ್ 1 ಅಂತ ಇದ್ದರೆ ಜಾಸ್ತಿ ಮಾಡಿ. ಇಂಗ್ಲಿಷ್ ನೋಡಿಕೊಂಡು ಮಾಡಿದ ಡಿಸೈನಿಗೆ ಒತ್ತಕ್ಷರದ ಜಾಗ ಗೊತ್ತಿರಲ್ಲ.

ಬೀದರಿನಿಂದ:

ಕೆಂಪು ಎರರ್ ನನಗೂ ಎರಡು ದಿನ ತಿಂದಿದೆ. ಕಾರಣ ಸಣ್ಣದು. ಜಿಲ್ಲೆಯನ್ನು ಯಾದಗಿರಿಗೆ ಬದಲಿಸಿದಿರಿ, ಪಟ್ಟಿಯಲ್ಲಿ ಈಗ ಸುರಪುರ, ಹುಣಸಗಿ, ವಡಗೇರಾ ಬಂದವು. ಆದರೆ ಆರಿಸಿದ ವ್ಯಾಲ್ಯೂ ಇನ್ನೂ ಸೇಡಂ ಅಂತಲೇ ಕೂತಿದೆ. ವ್ಯಾಲ್ಯೂ ಪಟ್ಟಿಯಲ್ಲಿ ಒಂದೇ ಒಂದು ಸಲ ಇರಬೇಕು ಅನ್ನೋದು ಡ್ರಾಪ್‌ಡೌನ್‌ನ ನಿಯಮ. ಹಾಗಾಗಿ ಜಿಲ್ಲೆಯ ಆನ್‌ಚೇಂಜ್ಡ್ (ಆಯ್ಕೆ ಬದಲಾದಾಗ ಓಡುವ ಕೋಡ್) ಒಳಗೆ, ಅದೇ ಸೆಟ್‌ಸ್ಟೇಟ್‌ನಲ್ಲಿ (ಸ್ಕ್ರೀನ್ ಹೊಸದಾಗಿಸುವ ಕರೆ), ತಾಲ್ಲೂಕನ್ನು ನಲ್ ಮಾಡಿ. ಹೊಸ ವಿಜೆಟ್‌ನಲ್ಲಿ ಹಳೆಯ ಹೆಸರು ಬಾಕ್ಸ್‌ನಲ್ಲೇ ಅಂಟಿಕೊಂಡರೆ ಜಿಲ್ಲೆಯ ಕೋಡ್ ನಂಬರನ್ನೇ ವಿಜೆಟ್‌ಗೆ ಕೀ (ಗುರುತು) ಆಗಿ ಕೊಡಿ, ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ಮೊದಲ ಹೆಸರು ತಾನಾಗಿಯೇ ಆಯ್ಕೆಯಾಗಿರುವಂತೆ ಬಿಡಬೇಡಿ. ನಾನು ಬಿಟ್ಟಿದ್ದೆ. ಅಕಾರಾದಿಯಲ್ಲಿ ಅಫಜಲಪುರ ಮೊದಲು ಬರುತ್ತದೆ ಅಲ್ವಾ? ವಾರದಲ್ಲಿ ಅರ್ಧಕ್ಕರ್ಧ ರೈತರು ಅಫಜಲಪುರದವರಾಗಿದ್ದರು! ಖಾಲಿ ಇರಲಿ, "ತಾಲ್ಲೂಕು ಆರಿಸಿ" ಅಂತ ಕಾಣಲಿ.

ಆಳಂದದಿಂದ:

ನನಗೆ ಕೋಡ್ ಬರಲ್ಲ, ಇಂಥ ಆ್ಯಪ್ ತುಂಬೋದು ನನ್ನ ಕೆಲಸ. ಮೇ ತಿಂಗಳ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು ತುಂಬುತ್ತೇವೆ. ತಿಳಿ ಬೂದು ಬಣ್ಣದ ಅಕ್ಷರ ಒಂಚೂರೂ ಕಾಣಲ್ಲ. ಬೆವರಿದ ಬೆರಳಿಗೆ ಪಕ್ಕದ ಸಾಲು ಸಿಗುತ್ತದೆ. ಕಲಬುರಗಿ ಜಿಲ್ಲೆಯ ಕಮಲಾಪುರ, ಬೀದರ್ ಜಿಲ್ಲೆಯ ಕಮಲನಗರ ಒಂದರ ಕೆಳಗೊಂದು ಇದ್ದವು. ನಾನೇ ಎಷ್ಟು ಸಲ ತಪ್ಪು ಒತ್ತಿದ್ದೇನೋ. ಹೆಸರಿನ ಕೆಳಗೆ ಜಿಲ್ಲೆಯನ್ನೂ ಬರೆಯಿರಿ. ಮತ್ತೆ, ಬೆಳಿಗ್ಗೆಯಿಂದ ಒಂದೇ ಊರಲ್ಲಿ ಇರುತ್ತೇವೆ. ಈಗಷ್ಟೇ ಆರಿಸಿದ ಹೆಸರು ಮೇಲೇ ಸಿಕ್ಕರೆ ಪುಣ್ಯ ಬರುತ್ತದೆ ನಿಮಗೆ.

ಕಲಬುರಗಿಯಿಂದ:

ಆಳಂದದವರು ಹೇಳಿದ್ದು ಖರೇ. ನನ್ನ ಪ್ರಕಾರ ಹತ್ತು ಹೆಸರು ದಾಟಿದರೆ ಡ್ರಾಪ್‌ಡೌನ್ ಬಿಡಿ, ಬಾಟಮ್ ಶೀಟ್‌ಗೆ (ಸ್ಕ್ರೀನಿನ ಕೆಳಗಿನಿಂದ ಏಳುವ ಹಾಳೆ) ಹೋಗಿ. ನಾಳೆ ತಾಲ್ಲೂಕು ಆದ ಮೇಲೆ ಹಳ್ಳಿಯೂ ಬೇಕು ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ. ಮೇಲೆ ಹುಡುಕೋ ಬಾಕ್ಸ್, ಕೆಳಗೆ ಪಟ್ಟಿ. ಈಸ್‌ಸ್ಕ್ರಾಲ್‌ಕಂಟ್ರೋಲ್ಡ್ (ಶೀಟನ್ನು ಎತ್ತರಕ್ಕೆ ಏಳಲು ಬಿಡುವುದು) ಟ್ರೂ ಇರಲಿ, ಕೆಳಗೆ ವ್ಯೂಇನ್‌ಸೆಟ್ಸ್‌ನಷ್ಟು (ಕೀಬೋರ್ಡ್ ಮುಚ್ಚುವ ಜಾಗದಷ್ಟು) ಪ್ಯಾಡಿಂಗ್ ಕೊಡಿ. ಇಲ್ಲದಿದ್ದರೆ ಕೀಬೋರ್ಡ್ ಬಂದು ಪಟ್ಟಿಯನ್ನೇ ನುಂಗುತ್ತದೆ.

ಹುಡುಕಾಟ ಮಾತ್ರ ಹುಷಾರು. ಊರಿನ ಹೆಸರು 2014ರ ನವೆಂಬರ್ 1ರಂದೇ ಕಲಬುರಗಿ ಆಯಿತು, ನಮ್ಮ ಕಾಕಾ ಇನ್ನೂ ಗುಲ್ಬರ್ಗಾ ಅಂತಲೇ ಟೈಪ್ ಮಾಡುತ್ತಾರೆ. ಸುರಪುರವನ್ನು ಶೋರಾಪುರ ಅನ್ನುವವರಿದ್ದಾರೆ. ಜೇವರ್ಗಿ, ಜೇವರಗಿ ಎರಡೂ ನಡೆಯುತ್ತವೆ. ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಾರೆ. ಪ್ರತಿ ತಾಲ್ಲೂಕಿಗೂ ಇಂಥ ನಾಲ್ಕೈದು ಅಡ್ಡಹೆಸರು ಒಳಗೆ ಇಟ್ಟುಕೊಂಡು ಅದರಲ್ಲೂ ಹುಡುಕಿ.

ಮತ್ತೆ ದಯವಿಟ್ಟು ಹೆಸರನ್ನೇ ವ್ಯಾಲ್ಯೂ ಆಗಿ ಇಡಬೇಡಿ. ಕೋಡ್ ಕೊಡಿ, 1, 2, 3 ಅಂತಿದ್ದರೂ ಸರಿ. ಹೆಸರು ಕಾಣೋದಕ್ಕೆ ಮಾತ್ರ.

ಕೇಳಿದವರಿಂದ, ನಾಲ್ಕು ದಿನದ ಮೇಲೆ:

ಎಲ್ಲರಿಗೂ ಶರಣು. ಜಿಲ್ಲೆ ಮೂರೇ ಇರೋದರಿಂದ ಡ್ರಾಪ್‌ಡೌನ್ ಉಳಿಸಿಕೊಂಡೆ, ತಾಲ್ಲೂಕನ್ನು ಶೀಟ್‌ಗೆ ಹಾಕಿದೆ. ಜಿಲ್ಲೆ ಬದಲಿಸಿದಾಗ ಬರುತ್ತಿದ್ದ ಎರರ್ ಹೋಯಿತು. ಆದರೆ ಶೀಟ್‌ಗೆ ಹಾಕುವ ಮುಂಚೆ ಒಂದು ವಿಚಿತ್ರ ಆಯಿತು. ತಾಲ್ಲೂಕನ್ನು ನಲ್ ಮಾಡಿದ ಮೇಲೂ ಔರಾದ್‌ನ ಹಳೆಯ ದಾಖಲೆ ತೆರೆದರೆ ಮಾತ್ರ ಅದೇ ಎರರ್. ಕಣ್ಣಿಗೆ ಎರಡೂ ಕಡೆ ಔರಾದ್ ಅಂತಲೇ ಇದೆ. ಕೊನೆಗೆ ಉದ್ದ ಎಣಿಸಿ ನೋಡಿದೆ. ಪಟ್ಟಿಯ ಔರಾದ್ 5, ಸರ್ವರ್‌ನಿಂದ ಬಂದಿದ್ದು 6! ಟೈಪ್ ಮಾಡಿದವರ ಕೀಬೋರ್ಡ್ ಕೊನೆಯ ದ್ ಆದ ಮೇಲೆ ಕಣ್ಣಿಗೆ ಕಾಣದ ಜಾಯಿನರ್ (ಅಕ್ಷರ ಕೂಡಿಸುವ, ಬಿಡಿಸುವ ಗುರುತು) ಒಂದನ್ನು ಸೇರಿಸಿತ್ತು. ಕೋಡ್‌ಗೆ ಬದಲಿಸಿದೆ, ಹಳೆಯ ದಾಖಲೆಗಳಿಂದ ಆ ಅಕ್ಷರ ತೆಗೆದೆ. ಬೀದರ್ ಅಂತ ಬರೆದಿರೋದನ್ನೂ ಒಮ್ಮೆ ಎಣಿಸಿಕೊಳ್ಳಿ.

ಅಡ್ಡಹೆಸರಿನ ಪಟ್ಟಿ ಇನ್ನೂ ತುಂಬುತ್ತಿದ್ದೇನೆ. ಹುಮನಾಬಾದ್ ಒಂದಕ್ಕೇ ಆರು ಸಿಕ್ಕಿವೆ.