ಮಗನಿಗೆ ಪ್ಲೇಟ್‌ಲೆಟ್ ಬೇಕು, ನನ್ನದೂ ಅದೇ ಗ್ರೂಪ್. ಆದರೂ ನನ್ನದು ಯಾಕೆ ಬೇಡ ಅಂತಾರೆ?

ರಾಣೆಬೆನ್ನೂರಿನ ಅಪ್ಪ:

ಮಗನಿಗೆ ಆರು ವರ್ಷ. ಕಾಲು ನೋವು, ಬಿಟ್ಟು ಬಿಟ್ಟು ಜ್ವರ ಅಂತ ಎರಡು ತಿಂಗಳು ಊರಲ್ಲೇ ತೋರಿಸಿದೆವು. ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಎದ್ದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ದು. ರಕ್ತದ ಕ್ಯಾನ್ಸರ್, ಎಎಲ್ಎಲ್ ಅಂದರು. ಈಗ ಬೆಂಗಳೂರಿನಲ್ಲಿದ್ದೇವೆ. ಕೀಮೋ ಶುರುವಾಗಿ 11 ದಿನ.

ನಿನ್ನೆ ಪ್ಲೇಟ್‌ಲೆಟ್ 22 ಸಾವಿರ ಇತ್ತು, ಇವತ್ತು 9 ಸಾವಿರ. ಎಸ್‌ಡಿಪಿ, ಅಂದರೆ ಒಬ್ಬರಿಂದಲೇ ಮೆಷಿನ್‌ನಲ್ಲಿ ತೆಗೆಯುವ ಪ್ಲೇಟ್‌ಲೆಟ್, ಕೊಡುವವರನ್ನು ಕರೆದುಕೊಂಡು ಬನ್ನಿ ಅಂದರು. ಅವನದ್ದು ಬಿ ಪಾಸಿಟಿವ್, ನನ್ನದೂ ಅದೇ. ಶರ್ಟಿನ ತೋಳು ಮಡಚಿಕೊಂಡೇ ಹೋದೆ. ಅಪ್ಪ ಅಂತ ಗೊತ್ತಾದ ತಕ್ಷಣ ಬೇಡ ಅಂದುಬಿಟ್ಟರು. ಹೆತ್ತವರದ್ದೇ ಆಗಲ್ಲ ಅಂದ್ರೆ ಇನ್ಯಾರದ್ದು ಆಗುತ್ತೆ? ಇಲ್ಲಿ ನನಗೆ ಯಾರೂ ಗೊತ್ತಿಲ್ಲ. ಬರ್ತೀವಿ ಅಂದಿದ್ದ ಇಬ್ಬರು ಈಗ ಫೋನ್ ಎತ್ತುತ್ತಿಲ್ಲ.

ರಾತ್ರಿ ಅವನ ಮೂಗಿನಲ್ಲಿ ರಕ್ತ ಬಂತು. ಹತ್ತಿ ಒತ್ತಿ ಹಿಡಿದು ಕೂತಿದ್ದೆ. "ಅಪ್ಪಾ, ಸೋಮವಾರ ಶಾಲೆಗೆ ಹೋಗ್ಲಾ?" ಅಂದ. ಹೂಂ ಅಂದೆ. ಸುಳ್ಳು ಹೇಳಿದೆನಾ ಅಂತ ಮನಸ್ಸು ಕೊರೆಯುತ್ತಿದೆ.

ರಕ್ತನಿಧಿಯ ಟೆಕ್ನಿಷಿಯನ್:

ಸರ್, ನಿಮ್ಮ ರಕ್ತದಲ್ಲಿ ಏನೂ ದೋಷ ಇಲ್ಲ. ಪ್ಲೇಟ್‌ಲೆಟ್ ಜೊತೆ ಬರುವ ಹತ್ತಿರದ ಸಂಬಂಧಿಯ ಬಿಳಿ ಕಣಗಳನ್ನು ಮಗುವಿನ ಮೈ ಹೊರಗಿನದ್ದು ಅಂತ ಗುರುತಿಸದೇ ಇರಬಹುದು. ಆಗ ಅವು ಒಳಗೆ ಉಳಿದುಕೊಂಡು ಮಗುವಿನ ಮೇಲೆಯೇ ತಿರುಗಿ ಬೀಳುತ್ತವೆ. ಅಪರೂಪ, ಆದರೆ ಬಂದರೆ ಬಹಳ ಅಪಾಯ. ವಿಕಿರಣ ಹಾಯಿಸಿ ಕೊಟ್ಟರೆ ಇದನ್ನು ತಡೆಯಬಹುದು. ಇನ್ನೊಂದು ಕಾರಣವೂ ಇದೆ. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾದರೆ ಮನೆಯವರೇ ಕೊಡಬೇಕಾಗಬಹುದು. ಅದಕ್ಕೆ ನಿಮ್ಮನ್ನು ಉಳಿಸಿಕೊಳ್ಳುತ್ತಾರೆ.

ಕೊಡುವವರಿಗೆ ಹೀಗೆ ಹೇಳಿ: ಒಂದರಿಂದ ಒಂದೂವರೆ ಗಂಟೆ ಮೆಷಿನ್ ಪಕ್ಕ ಮಲಗಬೇಕು. ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ಅವರಿಗೇ ವಾಪಸ್ ಬಿಡುತ್ತೇವೆ. ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು. ಈ ಚೀಲ ಐದು ದಿನಕ್ಕಿಂತ ಜಾಸ್ತಿ ಇಡೋಕೆ ಬರಲ್ಲ, ಹಾಗಾಗಿ ನಮ್ಮಲ್ಲಿ ದಾಸ್ತಾನು ಯಾವಾಗಲೂ ಕಮ್ಮಿ. ಎಚ್‌ಐವಿ, ಕಾಮಾಲೆ ಎಲ್ಲ ಪರೀಕ್ಷೆ ಮುಗಿಯೋಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಕೌಂಟ್ ಬಿದ್ದ ಮೇಲೆ ಓಡಾಡಬೇಡಿ, ಮುಂದಿನ ಇಬ್ಬರನ್ನು ಈಗಲೇ ಹೇಳಿಟ್ಟುಕೊಳ್ಳಿ. ಅದೇ ಗ್ರೂಪ್ ಸಿಗಲೇ ಇಲ್ಲ ಅಂದ್ರೆ ಡಾಕ್ಟರನ್ನು ಕೇಳಿ, ಕೆಲವೊಮ್ಮೆ ಬೇರೆ ಗ್ರೂಪಿನ ಪ್ಲೇಟ್‌ಲೆಟ್ ಕೂಡ ಕೊಡುತ್ತಾರೆ.

ಪುಟ್ಟಿ ಅಮ್ಮ:

ಅಣ್ಣಾ, ನಾಲ್ಕು ವರ್ಷದ ಹಿಂದೆ ನನ್ನ ಮಗಳಿಗೂ ಇದೇ ಕಾಯಿಲೆ. ಮೊದಲ ತಿಂಗಳು ಕೌಂಟ್ ಹೀಗೇ ಬೀಳುತ್ತೆ. ಕಾಯಿಲೆಯ ಜೊತೆ ಔಷಧಿಯೂ ಬೀಳಿಸುತ್ತೆ. ನಾನು ದಿನಾ ಬೆಳಿಗ್ಗೆ ಆ ಚೀಟಿ ನೋಡಿ ಕುಸಿಯುತ್ತಿದ್ದೆ. ಆಮೇಲೆ ಒಬ್ಬ ನರ್ಸಮ್ಮ ಹೇಳಿದರು, ಚೀಟಿ ಆಮೇಲೆ ನೋಡು, ಮಗು ಮೊದಲು ನೋಡು ಅಂತ. ಅವಳು ಆಗ ಗೊಂಬೆಗೆ ಪ್ಲಾಸ್ಟರ್ ಅಂಟಿಸುತ್ತಾ ಕೂತಿದ್ದಳು. ಈಗ ಮೂರನೇ ಕ್ಲಾಸು. ಪೂರ್ತಿ ಚಿಕಿತ್ಸೆ ಮುಗಿಸಿದ ಹೆಚ್ಚಿನ ಮಕ್ಕಳು ಗುಣ ಆಗ್ತಾರೆ ಅಣ್ಣಾ. ಎರಡು ಎರಡೂವರೆ ವರ್ಷ ಹಿಡಿಯುತ್ತೆ, ಮಧ್ಯದಲ್ಲಿ ಮಾತ್ರ ಬಿಡಬೇಡಿ. ನೀವು ಹೇಳಿದ್ದು ಸುಳ್ಳಲ್ಲ, ಸೋಮವಾರ ಯಾವುದು ಅಂತ ಹೇಳಿಲ್ಲ ಅಷ್ಟೇ.

ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಸಿಸ್ಟರಿಗೆ ಹೇಳಿ.

ದಾನಿಗಾಗಿ ಹೊರಗೆ ಹುಡುಕುವ ಮುಂಚೆ ನಿಮ್ಮ ವಾರ್ಡಿನಲ್ಲೇ ಕೇಳಿ. ನಮ್ಮಲ್ಲಿ ಅಪ್ಪಂದಿರು ಅದಲು ಬದಲು ಮಾಡಿಕೊಂಡಿದ್ದರು. ಇವರ ಮಗುವಿಗೆ ಅವರು, ಅವರ ಮಗುವಿಗೆ ಇವರು.

ರಾಣೆಬೆನ್ನೂರಿನ ಅಪ್ಪ:

ಅಕ್ಕಾ, ನೀವು ಹೇಳಿದ ಹಾಗೆ ಮಂಚದಿಂದ ಮಂಚಕ್ಕೆ ಹೋಗಿ ಕೇಳಿದೆ. ಕಿಟಕಿ ಪಕ್ಕದ ಹುಡುಗಿ ಬಿ ಪಾಸಿಟಿವ್. ಸಿಂಧನೂರಿನವರು, ಅವಳಪ್ಪನದ್ದೂ ಅದೇ. ನಾನು ಪೂರ್ತಿ ಕೇಳುವ ಮುಂಚೆಯೇ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ನಿನ್ನೆ ರಾತ್ರಿ ಅವರ ಪ್ಲೇಟ್‌ಲೆಟ್ ನನ್ನ ಮಗನಿಗೆ ಹತ್ತಿತು. ಕೆಂಪಗಿರುತ್ತೆ ಅಂದುಕೊಂಡಿದ್ದೆ. ನೋಡಿದರೆ ಬೇಳೆ ಕಟ್ಟಿನ ಬಣ್ಣ. ಅರ್ಧ ಗಂಟೆ ಆ ಚೀಲವನ್ನೇ ನೋಡುತ್ತಾ ನಿಂತಿದ್ದೆ.

ಬೆಳಿಗ್ಗೆ 38 ಸಾವಿರ. ಮೂಗಿನ ರಕ್ತ ನಿಂತಿದೆ. ಒಂದು ಇಡ್ಲಿ ತಿಂದ.

ಆ ಹುಡುಗಿಯದ್ದು ಇವತ್ತು 14 ಸಾವಿರ. ನನ್ನ ಪರೀಕ್ಷೆ ಎಲ್ಲ ಸರಿ ಬಂದಿದೆ. ನಾಳೆ 9 ಗಂಟೆಗೆ ಹೊಟ್ಟೆ ತುಂಬ ತಿಂದು ಬನ್ನಿ ಅಂದಿದ್ದಾರೆ.