ಓದುಗರ ಸ್ಪಂದನ: ಉಷ್ಣವೋ ಪೈಲ್ಸೋ ಎಂದು ಮನೆಯಲ್ಲೇ ತೀರ್ಮಾನ ಬೇಡ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 38 ವರ್ಷ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಕೆಲವು ತಿಂಗಳಿಂದ ಮಲದ ಜೊತೆ ರಕ್ತ ಹೋಗುತ್ತಿದೆ. ಶೌಚಕ್ಕೆ ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸಿ ಮತ್ತೆ ಮತ್ತೆ ಹೋಗುತ್ತೇನೆ. ಎರಡನೇ ಹೆರಿಗೆಯಾದಾಗ ಪೈಲ್ಸ್ ಇತ್ತು. ಈಗಲೂ ಅದೇ ಇರಬೇಕೆಂದು ಮೆಡಿಕಲ್ ಸ್ಟೋರಿನಿಂದ ಮುಲಾಮು ತಂದು ಹಚ್ಚುತ್ತಿದ್ದೇನೆ. ಅತ್ತೆ ‘ಉಷ್ಣ, ಎಳನೀರು ಕುಡಿ’ ಅನ್ನುತ್ತಾರೆ. ನನ್ನ ತಂದೆ 52ನೇ ವಯಸ್ಸಿಗೆ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಂಡಸು ಡಾಕ್ಟರಿಗೆ ತೋರಿಸಲು ನಾಚಿಕೆ, ತೋರಿಸದೆ ಇರಲು ಭಯ. ಏನು ಮಾಡಲಿ?

ತಂಗೀ, ನಿನ್ನ ಪತ್ರದಲ್ಲಿ ರಕ್ತಕ್ಕಿಂತ ನನ್ನ ಗಮನ ಸೆಳೆದದ್ದು ‘ಇನ್ನೂ ಉಳಿದಿದೆ’ ಅನ್ನುವ ಮಾತು. ಸರ್ಜರಿ ವಾರ್ಡಿನಲ್ಲಿ ನರ್ಸಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಗುದನಾಳದಲ್ಲಿ ಗಡ್ಡೆ ಬೆಳೆದರೆ ಅದೇ ಮಲವೆಂದು ಶರೀರ ಭಾವಿಸುತ್ತದೆ. ಅದಕ್ಕೇ ಪದೇ ಪದೇ ಅವಸರ, ಹೋಗಿ ಕೂತರೆ ಒಂದಿಷ್ಟು ಲೋಳೆ, ರಕ್ತ, ಅಷ್ಟೆ. ಮೊದಲಿಲ್ಲದ ಮಲಬದ್ಧತೆ ಅಥವಾ ಭೇದಿ ವಾರಗಟ್ಟಲೆ ನಿಂತರೆ, ಮಲ ಸಣ್ಣ ಬತ್ತಿಯಂತೆ ಬರತೊಡಗಿದರೆ, ಊಟ ಸರಿಯಿದ್ದೂ ತೂಕ ಇಳಿದರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಸುಮ್ಮನೆ ಕೂರುವಂತಿಲ್ಲ. ಹಿಮೋಗ್ಲೋಬಿನ್ ಕಡಿಮೆಯಾಗಿರುವುದೂ ಒಂದು ಸುಳಿವು. ಹೆಂಗಸರಲ್ಲಿ ಅದನ್ನು ಮುಟ್ಟಿನ ಲೆಕ್ಕಕ್ಕೆ ಬರೆದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ.

ಇಷ್ಟೆಲ್ಲ ಇದ್ದರೂ ಅದು ಕ್ಯಾನ್ಸರೇ ಎಂದಲ್ಲ. ಹೆಚ್ಚಿನವರಿಗೆ ಪೈಲ್ಸೋ ಗುದದ್ವಾರದ ಬಿರುಕೋ ಇರುತ್ತದೆ. ಆದರೆ ರಕ್ತದ ಬಣ್ಣ ನೋಡಿ ಹೇಳಲು ಬರುವುದಿಲ್ಲ. ಪೈಲ್ಸಿನಲ್ಲೂ ಕೆಂಪು, ಗುದನಾಳದ ಗಡ್ಡೆಯಲ್ಲೂ ಕೆಂಪು. ನೋವಿಲ್ಲ ಎಂಬ ಧೈರ್ಯವೂ ಬೇಡ, ಆರಂಭದಲ್ಲಿ ಎರಡಕ್ಕೂ ನೋವಿರುವುದಿಲ್ಲ. ಪೈಲ್ಸ್ ಇದ್ದವರಿಗೆ ಜೊತೆಯಲ್ಲಿ ಇನ್ನೊಂದು ಬರಬಾರದು ಎಂದೇನಿಲ್ಲವಲ್ಲ!

ನಾಚಿಕೆಯ ವಿಷಯಕ್ಕೆ ಬರುತ್ತೇನೆ. ಮಹಿಳಾ ಸರ್ಜನ್ ಇದ್ದರೆ ಅವರನ್ನೇ ಕೇಳು. ಇಲ್ಲದಿದ್ದರೆ ‘ಸಿಸ್ಟರ್ ಒಳಗಿರಲಿ’ ಎಂದು ಹೇಳು, ಅದು ನಿನ್ನ ಹಕ್ಕು. ಎಡಮಗ್ಗುಲಿಗೆ ಮಲಗಿಸಿ ಮೊಣಕಾಲು ಹೊಟ್ಟೆಯ ಕಡೆಗೆ ಮಡಿಸಲು ಹೇಳುತ್ತಾರೆ. ಮೇಲೊಂದು ಬೆಡ್‌ಶೀಟ್ ಹೊದಿಸಿರುತ್ತಾರೆ. ಗ್ಲೌಸಿಗೆ ಜೆಲ್ ಹಚ್ಚಿ ಬೆರಳು ಹಾಕಿ ನೋಡುತ್ತಾರೆ. ಬಾಯಿಂದ ನಿಧಾನ ಉಸಿರು ಬಿಟ್ಟರೆ ಬಿಗಿತ ಸಡಿಲವಾಗುತ್ತದೆ. ಒಂದೆರಡು ನಿಮಿಷದ ಕೆಲಸ. ಬೆರಳಿಗೆ ಎಟಕುವುದು ಕೆಳಭಾಗ ಮಾತ್ರ, ಆದ್ದರಿಂದ ‘ಏನೂ ಸಿಗಲಿಲ್ಲ’ ಅಂದಮೇಲೂ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಬಗ್ಗೆ ಕೇಳಲೇಬೇಕು. ಬೆರಳೂ ಹಾಕದೆ, ದುರ್ಬೀನೂ ಹಾಕದೆ ‘ಪೈಲ್ಸ್’ ಎಂದು ಚೀಟಿ ಬರೆದುಕೊಟ್ಟರೆ ಎದ್ದು ಇನ್ನೊಬ್ಬರ ಹತ್ತಿರ ಹೋಗು.
– ನಿವೃತ್ತ ನರ್ಸ್, ಧಾರವಾಡ

ಎಳನೀರನ್ನು ಬೈಯಬೇಡಿ, ಮೇಡಂ. ಕೊಲೊನೋಸ್ಕೋಪಿಯ ಹಿಂದಿನ ದಿನ ಘನ ಆಹಾರ ನಿಲ್ಲಿಸಿ ಬರೀ ತಿಳಿ ದ್ರವ ಕೊಡುವಾಗ ಅದೇ ಆಸರೆ! ನನಗಂತೂ ಪರೀಕ್ಷೆಗಿಂತ ಕಷ್ಟವಾದದ್ದು ಹೊಟ್ಟೆ ಖಾಲಿ ಮಾಡುವ ಪುಡಿ. ಲೀಟರುಗಟ್ಟಲೆ ನೀರಿಗೆ ಕಲಸಿ ಕುಡಿಯಬೇಕು, ಉಪ್ಪುಪ್ಪು ರುಚಿ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು ಕುಡಿಯಿರಿ, ಆ ರಾತ್ರಿ ಬಾತ್‌ರೂಮು ಬೇರೆಯವರಿಗೆ ಬಿಡಬೇಡಿ. ಕಬ್ಬಿಣದ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮಂಪರು ಬರುವ ಇಂಜೆಕ್ಷನ್ ಕೊಡುವುದರಿಂದ ಮನೆಗೆ ಕರೆದೊಯ್ಯಲು ಒಬ್ಬರು ಬೇಕು. ಹಾಗಾಗಿ ಯಜಮಾನರಿಗೆ ಇನ್ನೂ ಹೇಳಿಲ್ಲವಾದರೆ ಈಗಲಾದರೂ ಹೇಳಿ.
– ಓದುಗರೊಬ್ಬರು, ಬೆಂಗಳೂರು

ಹೆಸರು ಬೇಡ, ಊರು ಸಾಕು. ನನಗೆ ಬಂದದ್ದು ಗುದನಾಳದ ಕ್ಯಾನ್ಸರೇ. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು, ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಎಂಆರ್‌ಐ ಆಯಿತು. ಮೊದಲು ರೇಡಿಯೇಶನ್, ಕೀಮೋ, ಆಮೇಲೆ ಆಪರೇಷನ್.

ಜನ ಹೆದರುವುದು ಹೊಟ್ಟೆಯ ಮೇಲೆ ದ್ವಾರ ಮಾಡಿ ಮಲ ಸೇರಲು ಹಾಕುವ ಚೀಲಕ್ಕೆ. ಅದು ಎಲ್ಲರಿಗೂ ಶಾಶ್ವತ ಅಲ್ಲಮ್ಮ. ಗಡ್ಡೆ ಗುದದ್ವಾರದ ಬಿಗಿ ಸ್ನಾಯುವಿಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಅದು ನಿಂತಿದೆ. ಬೇಗ ಹೋದವರಿಗೆ ಸ್ನಾಯು ಉಳಿಸುವ ದಾರಿ ಹೆಚ್ಚು. ಎಷ್ಟೋ ಜನರಿಗೆ ಒಳಗಿನ ಕರುಳಿನ ಹೊಲಿಗೆ ಮಾಯುವತನಕ ಚೀಲ ಇಟ್ಟು, ಕೆಲವು ತಿಂಗಳಾದ ಮೇಲೆ ಇನ್ನೊಂದು ಸಣ್ಣ ಆಪರೇಷನ್ ಮಾಡಿ ಆ ದ್ವಾರ ಮುಚ್ಚುತ್ತಾರೆ. ನನಗೆ ಮಾತ್ರ ಚೀಲ ಶಾಶ್ವತವಾಗಿ ಉಳಿಯಿತು. ಪಂಚೆ ಬಿಗಿಯಾಗಿ ಕಟ್ಟಿದರೆ ಚೀಲ ಒತ್ತುತ್ತದೆ, ಅದಕ್ಕೇ ಸಡಿಲ ಪ್ಯಾಂಟು, ಮೇಲೆ ಅಂಗಿ ಇಳಿಬಿಟ್ಟರೆ ಯಾರಿಗೂ ತಿಳಿಯದು. ಅರ್ಧ ತುಂಬುವ ಮುಂಚೆ ಖಾಲಿ ಮಾಡುತ್ತೇನೆ. ಮದುವೆ ಮನೆಯಲ್ಲಿ ಹುರುಳಿಕಾಯಿ ಪಲ್ಯ ಬಿಟ್ಟು ಉಳಿದದ್ದೆಲ್ಲ ಉಣ್ಣುತ್ತೇನೆ, ಅದು ನನಗೆ ವಾಯು.

ಊರಲ್ಲಿ ಗೋಡೆ ತುಂಬ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗ್ಯಾರಂಟಿ ಗುಣ’ ಎಂಬ ಬರಹ. ಒಳಗೇನಿದೆ ಎಂದು ನೋಡದೆ ಗ್ಯಾರಂಟಿ ಕೊಡುವವರ ಹತ್ತಿರ ಮಾತ್ರ ಹೋಗಬೇಡಿ.
– ತಿಪಟೂರು

ದುಡ್ಡಿನ ಚಿಂತೆಯಿದ್ದರೆ: ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಜಿಲ್ಲಾಸ್ಪತ್ರೆಯ ಸರ್ಜರಿ ಹೊರರೋಗಿ ವಿಭಾಗದಿಂದ ಶುರುಮಾಡಿ, ರೆಫರಲ್ ಚೀಟಿಯೂ ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು, ನಿಮ್ಮ ಒಡಹುಟ್ಟಿದವರ ಬಗ್ಗೆ. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ, ತೊಂದರೆ ಏನೂ ಕಾಣದಿದ್ದರೂ, ಮಕ್ಕಳು 40ರ ಹೊತ್ತಿಗೆ, ಇಲ್ಲವೇ ಅವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರುಮಾಡಬೇಕು ಎನ್ನುತ್ತಾರೆ ವೈದ್ಯರು. ನನ್ನಮ್ಮನಿಗೆ ಬಂದ ಮೇಲೆ ನಾನೂ ತಮ್ಮನೂ ಮಾಡಿಸಿಕೊಂಡೆವು. ತಮ್ಮನ ಕರುಳಲ್ಲಿ ಪಾಲಿಪ್ (ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು) ಸಿಕ್ಕಿತು, ಅಲ್ಲೇ ಕತ್ತರಿಸಿ ತೆಗೆದರು. ನಿಮಗೆ ಮಾತ್ರ ವಯಸ್ಸಿನ ಲೆಕ್ಕ ಅನ್ವಯಿಸದು, ಲಕ್ಷಣ ಕಾಣಿಸಿಕೊಂಡಾಗಿದೆ. ಈ ವಾರವೇ ಹೋಗಿ. ತಂದೆಯವರ ಹಳೆಯ ಫೈಲು ಅಟ್ಟದ ಮೇಲೋ ಟ್ರಂಕಿನಲ್ಲೋ ಇದ್ದರೆ ಹುಡುಕಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅವರ ಬಯಾಪ್ಸಿ ವರದಿಯನ್ನು ಡಾಕ್ಟರು ಕೇಳೇ ಕೇಳುತ್ತಾರೆ.
– ಒಬ್ಬ ಮಗಳು, ಶಿವಮೊಗ್ಗ