ಕಮ್ಮಟದಲ್ಲಿ ಕವಿತೆ ಓದಿದ್ದರಿಂದ ನಿಮಗೇನು ಸಿಕ್ಕಿತು?

ಪ್ರಶ್ನೆ: ಬರವಣಿಗೆ ಕಮ್ಮಟದಲ್ಲಿ ಮುಂದಿನ ವಾರ ನನ್ನ ಸರದಿ. ಅಮ್ಮನ ಬಗ್ಗೆ ಬರೆದ ಕವಿತೆಯೊಂದಿದೆ. ಎಲ್ಲರ ಮುಂದೆ ಇಟ್ಟರೆ ನಿಜಕ್ಕೂ ಏನಾದರೂ ಕಲಿಯುತ್ತೇವಾ? ಅನುಭವ ಇದ್ದವರು ಹೇಳಿ.

ಕರಡುಪ್ರತಿ: ಓದಿ. ನನ್ನ ಕವಿತೆಯಲ್ಲಿ 'ಅವಳು' ಅಂತ ಬರುತ್ತಿತ್ತು. ನನ್ನ ಮಟ್ಟಿಗೆ ಅದು ಅಜ್ಜಿ. ಒಬ್ಬರು ಪ್ರೇಯಸಿ ಅಂದರು, ಇನ್ನೊಬ್ಬರು ನದಿ ಅಂದರು. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡುವಂತಿಲ್ಲ, ಗೊತ್ತಲ್ವಾ? ತುಟಿ ಕಚ್ಚಿಕೊಂಡು ಕೂತೆ. ಕಾಗದದ ಮೇಲೆ ಇಲ್ಲದ್ದು ಓದುಗರಿಗೂ ಇಲ್ಲ ಅಂತ ಅವತ್ತು ಅರ್ಥವಾಯಿತು. ಆಮೇಲಿನ ನಷ್ಟ ಕೇಳಿ. ಕೊನೆಯ ಚರಣ ಮೊದಲನೆಯದು ಹೇಳಿದ್ದನ್ನೇ ಹೇಳುತ್ತಿತ್ತು, ಹೋಯಿತು. ಅದು ಹೋದ ಮೇಲೆ ನಡುವಿನ ಉಪಮೆಗೆ ಆಧಾರ ಇಲ್ಲದಂತಾಯಿತು, ಅದೂ ಹೋಯಿತು. ಆ ಉಪಮೆಯಿಂದಲೇ ತೆಗೆದ ಶೀರ್ಷಿಕೆ ಸುಮ್ನೆ ನಿಂತಿತ್ತು, ಅದನ್ನೂ ಕಿತ್ತೆ. ಉಳಿದದ್ದು ಎಂಟು ಸಾಲು. ಅವುಗಳ ಬಗ್ಗೆ ಯಾರು ಏನೇ ಅನ್ನಲಿ, ನನಗೆ ಹೆಮ್ಮೆ.

ಖಾಲಿಜಾಗ: ಬಾಯಿ ಮುಚ್ಚಿಸುವ ಪದ್ಧತಿಯನ್ನು ಹೊಗಳಬೇಡಿ. 1936ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಬರವಣಿಗೆ ಕಮ್ಮಟದ ಮಾದರಿಯನ್ನು ಎಲ್ಲರೂ ಹಿಡಿದರು ಅಂದಮಾತ್ರಕ್ಕೆ ಅದೇನು ವೇದವಾಕ್ಯವಾ? ನನ್ನ ಕವಿತೆಯಲ್ಲಿ ಅಪ್ಪ ಮಾತು ನಿಲ್ಲಿಸುವ ಕಡೆ ಬೇಕಂತಲೇ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೆ. ಟೈಪಿಂಗ್ ತಪ್ಪು ಅಂತ ಒಬ್ಬರು ಅಂದರು. ಉಳಿದವರು ಅದನ್ನೇ ಹಿಡಿದರು. ನನಗೆ ಸಿಕ್ಕ ಹೊತ್ತೆಲ್ಲ ಅದರಲ್ಲೇ ಮುಗಿಯಿತು. ಮನೆಗೆ ತಂದ ಪ್ರತಿಗಳ ಅಂಚಿನಲ್ಲಿ ಏನಿತ್ತು ಅಂದುಕೊಂಡಿರಿ? 'ಚೆನ್ನಾಗಿದೆ', 'ಇನ್ನೂ ಚೆನ್ನಾಗಿ ಬರಬಹುದಿತ್ತು'. ಒಂದರಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಎಷ್ಟೋ ಕಾಲ ಪೆನ್ನು ಮುಟ್ಟಲಿಲ್ಲ. ಆಮೇಲೆ ಸೇರಿದ ಗುಂಪು ಲಿಜ್ ಲರ್ಮನ್ ಅವರ ಕ್ರಮ ಅನುಸರಿಸುತ್ತಿತ್ತು. ಅವರು ನೃತ್ಯ ಸಂಯೋಜಕಿ, ಕವಿಯಲ್ಲ. ಮೊದಲು ಕೇಳಿದವರು ಮನಸ್ಸಿನಲ್ಲಿ ಉಳಿದದ್ದನ್ನು ಹೇಳುತ್ತಾರೆ. ಆಮೇಲೆ ಬರೆದವರು ಪ್ರಶ್ನೆ ಕೇಳುತ್ತಾರೆ. ನಂತರ ಕೇಳಿದವರು ಕೊಂಕಿಲ್ಲದೆ ಪ್ರಶ್ನಿಸುತ್ತಾರೆ. ಅಭಿಪ್ರಾಯ ಕೊನೆಗೆ, ಅದೂ ಬರೆದವರು ಒಪ್ಪಿದರೆ. 'ಈ ಜಾಗ ನಿಮಗೆ ಹೇಗೆ ಕೇಳಿಸಿತು?' ಅಂತ ನಾನೇ ಕೇಳಿದೆ. ಮೌನ ಅಂದರು. ಅಷ್ಟು ಸಾಕಿತ್ತು.

ಕರಡುಪ್ರತಿ: ಅಪ್ಪಣೆ ಪಡೆದು ಅಭಿಪ್ರಾಯ ಹೇಳುವುದಾ! ಸಂಪಾದಕರು ನಿಮ್ಮ ಅಪ್ಪಣೆ ಕೇಳಿ ಕವಿತೆ ವಾಪಸ್ ಕಳಿಸುತ್ತಾರಾ?

ಖಾಲಿಜಾಗ: ಸಂಪಾದಕರು ಪಾಠ ಹೇಳಲು ಕೂತಿರುವುದಿಲ್ಲ. ಕಮ್ಮಟ ಇರುವುದೇ ಅದಕ್ಕೆ. ಎಂಟು ಸಾಲು ಉಳಿಸಿಕೊಂಡವರಿಗೆ ಎಲ್ಲದಕ್ಕೂ ಕತ್ತರಿಯೇ ಕಾಣುತ್ತದೆ.

ಹಿಂದಿನಬೆಂಚು: ಜಗಳ ಆಮೇಲೆ ಮಾಡಿ. ನನ್ನ ಕವಿತೆಗೆ ಬಂದ ಮಾತುಗಳಿಂದ ನಾನು ಕಲಿತದ್ದು ಕಡಿಮೆ. ಬೇರೆಯವರ ಕವಿತೆ ಓದಿ ಕಲಿತದ್ದೇ ಜಾಸ್ತಿ. 'ಹಿಡಿಸಲಿಲ್ಲ' ಅಂದರೆ ನಮ್ಮಲ್ಲಿ ನಡೆಯುತ್ತಿರಲಿಲ್ಲ. ಯಾವ ಸಾಲಿನಲ್ಲಿ ಗಮನ ತಪ್ಪಿತು, ಅಲ್ಲಿ ಯಾವ ಪದವಿತ್ತು ಅಂತ ಬೆರಳಿಟ್ಟು ತೋರಿಸಬೇಕಿತ್ತು. ಆ ಚಾಳಿ ಹತ್ತಿದ ಮೇಲೆ ನನ್ನ ಕರಡಿನ ಹುಳುಕೂ ಕಣ್ಣಿಗೆ ಬೀಳತೊಡಗಿತು. ಇನ್ನೊಂದು, ನಿಮ್ಮ ಕವಿತೆಯನ್ನು ಬೇರೆಯವರ ಬಾಯಲ್ಲಿ ಓದಿಸಿ. ನಾವೇ ಓದಿದರೆ ಕೆಟ್ಟ ಲಯವನ್ನೂ ದನಿಯಲ್ಲಿ ಎಳೆದು ಮುಚ್ಚಿಬಿಡುತ್ತೇವೆ. ಅವರು ತಡವರಿಸಿದ ಕಡೆ ಗುರುತು ಹಾಕಿಕೊಳ್ಳಿ.

ಖಾಲಿಜಾಗ: ತಡವರಿಸಿದವರಿಗೆ ಓದಲೇ ಬಾರದಿದ್ದರೆ?

ಹಿಂದಿನಬೆಂಚು: ಅದಕ್ಕೇ ಇಬ್ಬರಿಂದ ಓದಿಸಿ.

ಖಾಲಿಜಾಗ: ಬೇಕಂತಲೇ ತಡವರಿಸುವ ಹಾಗೆ ಬರೆದಿದ್ದರೆ?

ಕರಡುಪ್ರತಿ: ನೋಡಿ, ಶುರುವಾಯಿತು. ಇವರದ್ದು ಎಲ್ಲವೂ ಬೇಕಂತಲೇ!